ಸಂಧಿವಾತದ ರಕ್ತಪರೀಕ್ಷೆ: ಅಂಕಿಗಳನ್ನು ಅರಿತು ಓದುವ ಬಗೆ

ಆರೋಗ್ಯಕ್ಕಿಂತ ಮಿಗಿಲಾದ ಭಾಗ್ಯವಿಲ್ಲವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಭಾಗ್ಯಕ್ಕೆ ಕುಂದು ಬಂದಾಗ ವೈದ್ಯರ ಬಳಿಗೆ ಹೋಗುತ್ತೇವೆ. ಅವರು ರಕ್ತಪರೀಕ್ಷೆ ಮಾಡಿಸಿಕೊಂಡು ಬರಲು ಚೀಟಿ ಬರೆದುಕೊಡುತ್ತಾರೆ. ಸಂಜೆಯ ಹೊತ್ತಿಗೆ ಪ್ರಯೋಗಾಲಯದಿಂದ ಒಂದು ಹಾಳೆ ಕೈಸೇರುತ್ತದೆ. ಒಂದು ಕಡೆ ನಮ್ಮ ಅಂಕಿ, ಇನ್ನೊಂದು ಕಡೆ ಇರಬೇಕಾದ ಮಿತಿ. ಮಿತಿ ಮೀರಿದ ಅಂಕಿ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಅದನ್ನು ಕಂಡು ಒಂದು ಮನೆಯವರು ಎದೆಗುಂದುತ್ತಾರೆ. ಮಿತಿಯೊಳಗಿನ ಅಂಕಿಯನ್ನು ಕಂಡ ಇನ್ನೊಂದು ಮನೆಯವರು ರೋಗ ಹೋಯಿತೆಂದು ಔಷಧವನ್ನೇ ನಿಲ್ಲಿಸುತ್ತಾರೆ. ಸಂಧಿವಾತದ ವಿಷಯದಲ್ಲಿ ಈ ಎರಡೂ ಅನರ್ಥಕ್ಕೆ ದಾರಿ.

ನಾವು ವೈದ್ಯರಲ್ಲ, ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿ ಆಯುಷ್ಯ ಕಳೆದವರು. ಆದರೆ ಭಕ್ತರ ಮನೆಗಳಿಗೆ ಹೋದಾಗ ಇಂಥ ಹಾಳೆಗಳನ್ನು ಮುಂದಿಟ್ಟು ‘ಇದರ ಅರ್ಥವೇನು ಬುದ್ಧಿ?’ ಎಂದು ಕೇಳುವವರು ಹೆಚ್ಚಾದ್ದರಿಂದ, ಬಲ್ಲ ವೈದ್ಯರನ್ನು ವಿಚಾರಿಸಿ, ಗ್ರಂಥಗಳನ್ನು ನೋಡಿ, ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತೇವೆ. ಚಿಕಿತ್ಸೆಯನ್ನು ನಿರ್ಣಯಿಸತಕ್ಕವರು ವೈದ್ಯರೇ. ಅವರ ಮಾತನ್ನು ಅರ್ಥಮಾಡಿಕೊಳ್ಳುವ ಸಿದ್ಧತೆ ಮಾತ್ರ ಈ ಲೇಖನದ ಉದ್ದೇಶ.

ರೋಗದ ಸ್ವರೂಪ

ವಯಸ್ಸಾದವರ ಮಂಡಿ ಸವೆದು ಬರುವ ನೋವು ಬೇರೆ. ನಾವಿಲ್ಲಿ ಹೇಳುತ್ತಿರುವ ರುಮಟಾಯ್ಡ್ ಸಂಧಿವಾತ ಬೇರೆ. ಮೊದಲನೆಯದು ಕೀಲಿನ ಸವಕಳಿ. ಎರಡನೆಯದರಲ್ಲಿ, ಪರಕೀಯ ರೋಗಾಣುಗಳೊಡನೆ ಹೋರಾಡಬೇಕಾದ ಶರೀರದ ರಕ್ಷಣಾಶಕ್ತಿಯೇ ತಿರುಗಿಬಿದ್ದು ಸ್ವಂತ ಕೀಲುಗಳ ಒಳಪೊರೆಯನ್ನು ಸುಡತೊಡಗುತ್ತದೆ. ಬೆರಳ ಗಿಣ್ಣುಗಳು, ಮಣಿಕಟ್ಟು, ಪಾದದ ಸಣ್ಣ ಕೀಲುಗಳು ಎರಡೂ ಪಕ್ಕದಲ್ಲಿ ಊದಿಕೊಳ್ಳುತ್ತವೆ. ನಸುಕಿನಲ್ಲಿ ಎದ್ದಾಗ ಕೈ ಬಿಗಿದುಕೊಂಡು, ಆ ಬಿಗಿತ ಸಡಿಲವಾಗಲು ಒಂದು ಗಂಟೆಗೂ ಮೇಲ್ಪಟ್ಟು ಹಿಡಿಯುವುದುಂಟು. ರೊಟ್ಟಿ ಬಡಿಯುವ ಕೈ ಹಿಟ್ಟನ್ನು ನಾದಲಾರದೆ ಹೋಗುತ್ತದೆ.

ನಮ್ಮ ಆಯುರ್ವೇದದ ‘ಮಾಧವನಿದಾನ’ದಲ್ಲಿ ಆಮವಾತವೆಂಬ ವ್ಯಾಧಿಗೆ ಪ್ರತ್ಯೇಕ ಅಧ್ಯಾಯವೇ ಇದೆ. ಅಲ್ಲಿ ಹೇಳಿದ ಲಕ್ಷಣಗಳು ಬಹುಮಟ್ಟಿಗೆ ಇದನ್ನು ಹೋಲುತ್ತವೆ. ‘ರುಮಟಾಯ್ಡ್’ ಎಂಬ ಹೆಸರನ್ನು ಈ ರೋಗಕ್ಕೆ 1859ರಲ್ಲಿ ಕೊಟ್ಟವರು ಲಂಡನ್ನಿನ ವೈದ್ಯ ಆಲ್ಫ್ರೆಡ್ ಗ್ಯಾರೊಡ್. ದೆಹಲಿಯ ಸಮೀಪದ ಬಲ್ಲಭಗಢದ ಹಳ್ಳಿಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಯಸ್ಕರಲ್ಲಿ ನೂರಕ್ಕೆ 0.75ರಷ್ಟು ಮಂದಿಗೆ ಈ ರೋಗವಿದೆಯೆಂದು ಎಣಿಸಿತು. ರೋಗಿಗಳಲ್ಲಿ ಸ್ತ್ರೀಯರ ಸಂಖ್ಯೆ ಪುರುಷರಿಗಿಂತ ಎರಡು ಮೂರು ಪಟ್ಟು ಹೆಚ್ಚು.

ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಒಂದಿದೆ. ಈ ಉರಿ ಬಹುಕಾಲ ಉಳಿದರೆ ಮೂಳೆಯನ್ನು ಕೊರೆಯುತ್ತದೆ. ಕೊರೆದುಹೋದ ಮೂಳೆ ಮತ್ತೆ ಮೊದಲಿನಂತಾಗದು. ಮೊದಲ ಕೆಲವು ತಿಂಗಳುಗಳಲ್ಲಿಯೇ ಚಿಕಿತ್ಸೆ ಆರಂಭವಾದರೆ ಕೈ ಸೊಟ್ಟಗಾಗುವುದನ್ನು ಬಹುಪಾಲು ತಡೆಯಬಹುದು. ಆದ್ದರಿಂದ ವರದಿಯನ್ನು ತಪ್ಪಾಗಿ ಓದಿ ಕಾಲ ಕಳೆದರೆ ತೆರಬೇಕಾದ ಬೆಲೆ ದೊಡ್ಡದು.

ಹೊಗೆಯೂ ಬೆಂಕಿಯೂ

ತರ್ಕಶಾಸ್ತ್ರದ ಮೊದಲ ಪಾಠದಲ್ಲಿ ಬರುವ ಉದಾಹರಣೆ ಬೆಟ್ಟದ ಮೇಲಿನ ಹೊಗೆ. ಹೊಗೆಯನ್ನು ಕಂಡು ಬೆಂಕಿ ಇದೆಯೆಂದು ಊಹಿಸುತ್ತೇವೆ. ಆದರೆ ಆ ಬೆಂಕಿ ಯಾವುದರದು, ಯಾರು ಹಚ್ಚಿದರು ಎಂಬುದನ್ನು ಹೊಗೆ ಹೇಳುವುದಿಲ್ಲ. ಹೊಗೆಯಿಲ್ಲದೆ ನಿಗಿನಿಗಿ ಉರಿಯುವ ಕೆಂಡವೂ ಉಂಟು. ಯಾವ ಗುರುತು ಏನನ್ನು ಸಾಧಿಸಬಲ್ಲದು, ಏನನ್ನು ಸಾಧಿಸಲಾರದು ಎಂಬ ವಿವೇಕವೇ ಆ ಪಾಠದ ಸಾರ. ರಕ್ತಪರೀಕ್ಷೆಗೂ ಇದು ಅನ್ವಯಿಸುತ್ತದೆ.

ಸಂಧಿವಾತದ ರೋಗಿಗೆ ಬರೆದುಕೊಡುವ ಪರೀಕ್ಷೆಗಳು ಮೂರು ಪ್ರಶ್ನೆಗಳಿಗೆ ಸಂಬಂಧಿಸಿದವು. ಇದು ಯಾವ ರೋಗ? ಅದರ ಉರಿ ಈಗ ಎಷ್ಟಿದೆ? ಕೊಡುತ್ತಿರುವ ಔಷಧವನ್ನು ಶರೀರ ತಾಳಿಕೊಳ್ಳುತ್ತಿದೆಯೆ? ಪ್ರತಿಯೊಂದು ಅಂಕಿಯನ್ನೂ ಅದರ ಪ್ರಶ್ನೆಗೆ ಮಾತ್ರ ಉತ್ತರವೆಂದು ಓದಬೇಕು. ಒಂದರ ಉತ್ತರವನ್ನು ಇನ್ನೊಂದರಿಂದ ಪಡೆಯಹೋದಾಗಲೇ ಗೊಂದಲ ಹುಟ್ಟುತ್ತದೆ.

ರೋಗದ ಗುರುತು ಹೇಳುವ ಪರೀಕ್ಷೆಗಳು

ಆರ್.ಎಫ್. ಎಂದು ಬರೆಯುವ ರುಮಟಾಯ್ಡ್ ಫ್ಯಾಕ್ಟರ್ ಇವುಗಳಲ್ಲಿ ಹಳೆಯದು. ನಾರ್ವೆ ದೇಶದ ಎರಿಕ್ ವಾಲರ್ 1940ರಲ್ಲಿ ಇದನ್ನು ಮೊದಲು ವರ್ಣಿಸಿದರು. ಅಮೆರಿಕದ ಹ್ಯಾರಿ ರೋಸ್ ಮತ್ತು ಸಂಗಡಿಗರು 1948ರಲ್ಲಿ ಸ್ವತಂತ್ರವಾಗಿ ಅದನ್ನೇ ಕಂಡರು. ಇದು ಶರೀರವು ತನ್ನದೇ ಪ್ರತಿಕಾಯಗಳ ವಿರುದ್ಧ ಹುಟ್ಟಿಸಿಕೊಂಡ ಇನ್ನೊಂದು ಪ್ರತಿಕಾಯ. ರೋಗಿಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತರಿಂದ ಎಂಬತ್ತು ಮಂದಿಯಲ್ಲಿ ಇದು ಕಾಣಸಿಗುತ್ತದೆ. ಆದರೆ ಕ್ಷಯ, ಕುಷ್ಠ, ಯಕೃತ್ತಿನ ಹೆಪಟೈಟಿಸ್ ಸಿ ಮುಂತಾದ ರೋಗಗಳಲ್ಲಿಯೂ, ಯಾವ ತೊಂದರೆಯೂ ಇಲ್ಲದ ಕೆಲವು ವೃದ್ಧರಲ್ಲಿಯೂ ಕಾಣಿಸುವುದುಂಟು. ತರ್ಕದ ಭಾಷೆಯಲ್ಲಿ ಇದು ಅನೈಕಾಂತಿಕ ಹೇತು. ತಾನೊಂದೇ ನಿಂತು ಏನನ್ನೂ ಸಿದ್ಧಪಡಿಸಲಾರದು.

ಎರಡನೆಯದು ಆಂಟಿ ಸಿ.ಸಿ.ಪಿ. ಇದು 1990ರ ದಶಕದ ಕೊನೆಯಲ್ಲಿ ರೂಪುಗೊಂಡ ಪರೀಕ್ಷೆ. ಇದರ ಸಾಕ್ಷ್ಯ ಹೆಚ್ಚು ಖಚಿತ, ಏಕೆಂದರೆ ಸಂಧಿವಾತವಿಲ್ಲದವರಲ್ಲಿ ಇದು ಕಾಣುವುದು ವಿರಳ. ರೋಗದ ಲಕ್ಷಣಗಳು ತೋರುವ ಹಲವು ವರ್ಷ ಮೊದಲೇ ರಕ್ತದಲ್ಲಿ ಇರುವುದೂ ಉಂಟು. ಇದು ಹೆಚ್ಚಿನ ಪ್ರಮಾಣದಲ್ಲಿದ್ದರೆ ಮೂಳೆ ಕೊರೆಯುವ ಸಂಭವ ಹೆಚ್ಚೆಂದು ವೈದ್ಯರು ಎಚ್ಚರಿಕೆಯಿಂದ ನಡೆಯುತ್ತಾರೆ.

ಈ ಎರಡೂ ಪರೀಕ್ಷೆಗಳಲ್ಲಿ ಏನೂ ಕಾಣದೆ ರೋಗವಿರುವ ರೋಗಿಗಳೂ ಇದ್ದಾರೆ. ಅಂಥವರ ಸಂಕಟವನ್ನು ನಾವು ಹಲವು ಮನೆಗಳಲ್ಲಿ ಕಂಡಿದ್ದೇವೆ. ‘ವರದಿಯಲ್ಲಿ ಏನೂ ಇಲ್ಲವಂತೆ’ ಎಂಬ ಮಾತು ಹೊರಟೊಡನೆ, ಊದಿದ ಕೈಯಿಂದ ಪಾತ್ರೆ ತೊಳೆಯಲಾರದ ಸೊಸೆ ಸೋಮಾರಿಯೆಂಬ ಹೆಸರು ಹೊರಬೇಕಾಗುತ್ತದೆ. ಇದು ಅನ್ಯಾಯ. ಅಮೆರಿಕ ಮತ್ತು ಯೂರೋಪಿನ ಸಂಧಿರೋಗ ತಜ್ಞರ ಸಂಘಗಳು 2010ರಲ್ಲಿ ಕೂಡಿ ರಚಿಸಿದ ಮಾನದಂಡದಲ್ಲಿ ಒಟ್ಟು ಹತ್ತು ಅಂಕಗಳಿವೆ. ಅವುಗಳಲ್ಲಿ ಐದರವರೆಗೆ ಕೀಲುಗಳ ಸಂಖ್ಯೆ ಮತ್ತು ಬಗೆಗೆ, ಒಂದು ರೋಗದ ಅವಧಿಗೆ, ಮೂರರವರೆಗೆ ಈ ಎರಡು ಪ್ರತಿಕಾಯಗಳಿಗೆ, ಒಂದು ಉರಿಯೂತದ ಪರೀಕ್ಷೆಗೆ. ಆರು ಅಂಕ ಬಂದರೆ ಇದೇ ರೋಗವೆಂದು ಎಣಿಸುತ್ತಾರೆ. ತಜ್ಞರೇ ಕೀಲನ್ನು ಮುಟ್ಟಿ ನೋಡುವುದಕ್ಕೆ ರಕ್ತಕ್ಕಿಂತ ಹೆಚ್ಚು ಮನ್ನಣೆ ಕೊಟ್ಟಿರುವಾಗ, ಮನೆಯವರು ಹಾಳೆಯೊಂದನ್ನೇ ನಂಬಿ ತೀರ್ಪು ಕೊಡುವುದು ಸಲ್ಲದು.

ಇನ್ನೊಂದು ಮಾತು. ಈ ಎರಡು ಪರೀಕ್ಷೆಗಳು ಗುರುತು ಹಿಡಿಯಲು ಇರುವಂಥವು. ರೋಗ ಎಷ್ಟು ಇಳಿಯಿತೆಂದು ಅಳೆಯಲು ಇವು ಒದಗುವುದಿಲ್ಲ. ಔಷಧದಿಂದ ಕೀಲಿನ ಊತ ಪೂರ್ತಿ ಇಳಿದ ಮೇಲೂ ಆರ್.ಎಫ್. ಹಾಗೆಯೇ ಉಳಿಯಬಹುದು. ತಿಂಗಳು ತಿಂಗಳೂ ಹಣ ತೆತ್ತು ಇದನ್ನೇ ಮಾಡಿಸುವ ಅಗತ್ಯವಿಲ್ಲ. ಹಾಗೆಯೇ ಕೆಲವು ಪ್ರಯೋಗಾಲಯಗಳು ಸಂಧಿವಾತದ ಹೆಸರಿನಲ್ಲಿ ಒಟ್ಟುಗೂಡಿಸಿ ಮಾಡುವ ಪರೀಕ್ಷೆಗಳಲ್ಲಿ ಎ.ಎಸ್.ಓ. ಮತ್ತು ಯೂರಿಕ್ ಆಮ್ಲ ಸೇರಿರುತ್ತವೆ. ಎ.ಎಸ್.ಓ. ಗಂಟಲಿನ ಸೋಂಕು ಮತ್ತು ಅದರ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರಕ್ಕೆ ಸಂಬಂಧಿಸಿದ್ದು. ಯೂರಿಕ್ ಆಮ್ಲ ಗೌಟ್ ಎಂಬ ಬೇರೊಂದು ವ್ಯಾಧಿಗೆ. ಹೆಸರು ಹತ್ತಿರವೆಂದ ಮಾತ್ರಕ್ಕೆ ರೋಗ ಒಂದೇ ಆಗುವುದಿಲ್ಲ.

ಉರಿಯನ್ನು ಅಳೆಯುವ ಪರೀಕ್ಷೆಗಳು

ಇ.ಎಸ್.ಆರ್. ಸರಳವಾದ ಪರೀಕ್ಷೆ. ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ನೇರವಾದ ಗಾಜಿನ ನಳಿಕೆಯಲ್ಲಿ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪುಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವೆಂದು ನೋಡುತ್ತಾರೆ. ಸ್ವೀಡನ್ನಿನ ವೆಸ್ಟರ್‌ಗ್ರೆನ್ 1921ರಲ್ಲಿ ವಿವರಿಸಿದ ವಿಧಾನ ಇಂದಿಗೂ ಆಧಾರವಾಗಿದೆ. ಉರಿಯೂತವಿದ್ದಾಗ ರಕ್ತದಲ್ಲಿ ಕೆಲವು ಪ್ರೋಟೀನುಗಳು ಹೆಚ್ಚುತ್ತವೆ. ಅವುಗಳಿಂದ ಕಣಗಳು ನಾಣ್ಯದ ಅಡಕಿನಂತೆ ಒಂದಕ್ಕೊಂದು ಅಂಟಿಕೊಂಡು ಬೇಗ ತಳ ಸೇರುತ್ತವೆ. ಆದರೆ ರಕ್ತಹೀನತೆ, ಗರ್ಭಧಾರಣೆ, ಮುಪ್ಪು, ಇತರ ಸೋಂಕುಗಳಲ್ಲಿಯೂ ಈ ಅಂಕಿ ಏರುತ್ತದೆ. ವಯಸ್ಸಿಗೆ ತಕ್ಕ ಮಿತಿಯನ್ನು ಅಂದಾಜು ಮಾಡಲು ಒಂದು ಸುಲಭ ಲೆಕ್ಕವಿದೆ. ಪುರುಷರಾದರೆ ವಯಸ್ಸಿನ ಅರ್ಧ. ಸ್ತ್ರೀಯರಾದರೆ ವಯಸ್ಸಿಗೆ ಹತ್ತು ಕೂಡಿಸಿ ಅದರ ಅರ್ಧ. ಅರುವತ್ತರ ತಾಯಿಗೆ 35 ಎಂಬುದು ಗಾಬರಿಪಡುವ ಅಂಕಿಯಲ್ಲ.

ಸಿ.ಆರ್.ಪಿ. ಎಂಬುದು ಯಕೃತ್ತು ತಯಾರಿಸುವ ಒಂದು ಪ್ರೋಟೀನು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡುಹಿಡಿದರು. ಶರೀರದಲ್ಲಿ ಉರಿ ಹೊತ್ತಿದ ಕೆಲವೇ ಗಂಟೆಗಳಲ್ಲಿ ಇದು ಏರತೊಡಗಿ ಎರಡು ದಿನಗಳಲ್ಲಿ ಶಿಖರ ಮುಟ್ಟುತ್ತದೆ. ಉರಿ ಆರಿದರೆ ದಿನವೊಂದರೊಳಗೆ ಅರ್ಧಕ್ಕೆ ಇಳಿಯುತ್ತದೆ. ಇ.ಎಸ್.ಆರ್. ಇಳಿಯಲು ವಾರಗಳೇ ಬೇಕು. ಆದ್ದರಿಂದ ಸಿ.ಆರ್.ಪಿ. ಇಳಿದು ಇ.ಎಸ್.ಆರ್. ಏರಿಯೇ ಇದ್ದರೆ ವಿರೋಧವೇನೂ ಇಲ್ಲ. ಎರಡರ ನಡಿಗೆ ಬೇರೆ.

ಇಲ್ಲಿ ಮಾನಗಳ ಕಡೆಗೆ ಲಕ್ಷ್ಯವಿರಲಿ. ಒಂದು ಪ್ರಯೋಗಾಲಯ ಸಿ.ಆರ್.ಪಿ.ಯನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತದೆ. ಇನ್ನೊಂದು ಡೆಸಿಲೀಟರಿಗೆ ಇಷ್ಟು ಎಂದು. ಎರಡನೆಯದರಲ್ಲಿ 2 ಎಂದರೆ ಮೊದಲನೆಯದರಲ್ಲಿ 20. ಅಂಕಿಯನ್ನಷ್ಟೇ ನೋಡಿ ಮಾನವನ್ನು ನೋಡದವರು, ಪ್ರಯೋಗಾಲಯ ಬದಲಿಸಿದ ದಿನ ರೋಗ ಹತ್ತು ಪಟ್ಟು ಏರಿತೆಂದೋ ಇಳಿಯಿತೆಂದೋ ಭ್ರಮಿಸುತ್ತಾರೆ. ಸಾಧ್ಯವಾದಷ್ಟೂ ಒಂದೇ ಕಡೆ ಪರೀಕ್ಷೆ ಮಾಡಿಸುವುದು ಲೇಸು.

ಹಿಮೋಗ್ಲೋಬಿನ್ನಿನ ಅಂಕಿಯೂ ಈ ಉರಿಯ ಕಥೆಯನ್ನು ಹೇಳುತ್ತದೆ. ದೀರ್ಘಕಾಲದ ಉರಿಯೂತವಿರುವಾಗ ದೇಹದಲ್ಲಿ ಕಬ್ಬಿಣವಿದ್ದರೂ ಅದು ರಕ್ತ ತಯಾರಿಕೆಗೆ ಒದಗುವುದಿಲ್ಲ. ಕಣಜದಲ್ಲಿ ಕಾಳಿದ್ದೂ ಬಾಗಿಲಿಗೆ ಬೀಗ ಬಿದ್ದಂತೆ. ಇಂಥ ರಕ್ತಹೀನತೆಗೆ ಕಬ್ಬಿಣದ ಮಾತ್ರೆಯೊಂದೇ ಸಾಲದು; ಮೂಲದ ಉರಿ ಆರಬೇಕು. ನಮ್ಮ ಹೆಣ್ಣುಮಕ್ಕಳಲ್ಲಿ ನಿಜವಾದ ಕಬ್ಬಿಣದ ಕೊರತೆಯೂ ಜೊತೆಗಿರುವುದುಂಟು. ಯಾವುದು ಎಷ್ಟು ಎಂಬುದನ್ನು ವೈದ್ಯರು ಫೆರಿಟಿನ್ ಮುಂತಾದ ಪರೀಕ್ಷೆಗಳಿಂದ ವಿಂಗಡಿಸುತ್ತಾರೆ.

ಔಷಧದ ಕಾವಲು

ಮೂರನೆಯ ಗುಂಪಿನ ಪರೀಕ್ಷೆಗಳನ್ನು ಜನ ಅಲಕ್ಷಿಸುವುದು ಹೆಚ್ಚು. ಅಪಾಯವೂ ಇಲ್ಲಿಯೇ ಹೆಚ್ಚು. ಇಂದು ಈ ರೋಗಕ್ಕೆ ಮೊದಲು ಕೊಡುವ ಮುಖ್ಯ ಔಷಧ ಮೆಥೊಟ್ರೆಕ್ಸೇಟ್. ಆಂಧ್ರದ ಭೀಮಾವರದಲ್ಲಿ ಹುಟ್ಟಿ ಅಮೆರಿಕೆಗೆ ಹೋಗಿ ಲೆಡರ್ಲೆ ಪ್ರಯೋಗಾಲಯದ ಸಂಶೋಧನೆಯನ್ನು ಮುನ್ನಡೆಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಬಳಗದ ಪರಿಶ್ರಮದಿಂದ ಬಂದ ಔಷಧವಿದು. ಇದರ ಸೋದರ ಔಷಧವನ್ನು ಸಂಧಿವಾತಕ್ಕೆ 1951ರಲ್ಲಿಯೇ ಪ್ರಯೋಗಿಸಿದ್ದರು. 1988ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮೆಥೊಟ್ರೆಕ್ಸೇಟನ್ನು ಈ ರೋಗಕ್ಕೆ ಒಪ್ಪಿತು.

ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನವೂ ನುಂಗಿದವರು ಪ್ರಾಣಾಪಾಯಕ್ಕೆ ಸಿಕ್ಕಿದ ಪ್ರಸಂಗಗಳು ನಮ್ಮ ದೇಶದಲ್ಲಿಯೂ ನಡೆದಿವೆ. ಯಾವ ವಾರವೆಂದು ನಿಶ್ಚಯಿಸಿ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಒಳ್ಳೆಯದು. ಜೊತೆಗೆ ಕೊಡುವ ಫೋಲಿಕ್ ಆಮ್ಲದ ಮಾತ್ರೆಯನ್ನು ಬಿಡಬಾರದು. ಮಗುವನ್ನು ಬಯಸುವ ದಂಪತಿಗಳು ಮೊದಲೇ ವೈದ್ಯರಿಗೆ ತಿಳಿಸಬೇಕು; ಗರ್ಭದ ಶಿಶುವಿಗೆ ಈ ಔಷಧ ಹಾನಿಕರ.

ಈ ಔಷಧ ನಡೆಯುತ್ತಿರುವಾಗ ಮೂರು ಬಗೆಯ ಅಂಕಿಗಳನ್ನು ಕಾಯುತ್ತಾರೆ. ಬಿಳಿಕಣ ಮತ್ತು ಪ್ಲೇಟ್‌ಲೆಟ್ಟುಗಳ ಎಣಿಕೆ ಅಸ್ಥಿಮಜ್ಜೆಯ ಕ್ಷೇಮವನ್ನು ಹೇಳುತ್ತದೆ. ಎಸ್.ಜಿ.ಪಿ.ಟಿ., ಎಸ್.ಜಿ.ಓ.ಟಿ. ಯಕೃತ್ತಿನ ಕ್ಷೇಮವನ್ನು, ಕ್ರಿಯಾಟಿನಿನ್ ಮೂತ್ರಪಿಂಡದ ಕ್ಷೇಮವನ್ನು ಹೇಳುತ್ತವೆ. ಮೂತ್ರಪಿಂಡ ದುರ್ಬಲವಾದರೆ ಔಷಧ ಶರೀರದಲ್ಲಿ ಸಂಗ್ರಹವಾಗಿ ವಿಷವಾಗುತ್ತದೆ. ಆರಂಭದ ಮೂರು ತಿಂಗಳು ಎರಡರಿಂದ ನಾಲ್ಕು ವಾರಗಳಿಗೊಮ್ಮೆ, ಆಮೇಲೆ ಅಂತರ ಹೆಚ್ಚಿಸಿ, ಸ್ಥಿರವಾದ ಬಳಿಕ ಸುಮಾರು ಮೂರು ತಿಂಗಳಿಗೊಮ್ಮೆ ಈ ಪರೀಕ್ಷೆಗಳು ನಡೆಯುವುದು ಪದ್ಧತಿ. ಮಾತ್ರೆ ತೆಗೆದುಕೊಂಡ ಮರುದಿನವೇ ರಕ್ತ ಕೊಟ್ಟರೆ ಯಕೃತ್ತಿನ ಅಂಕಿ ತಾತ್ಕಾಲಿಕವಾಗಿ ಏರಿ ಕಾಣಬಹುದು. ಮುಂದಿನ ಮಾತ್ರೆಗೆ ಒಂದೆರಡು ದಿನ ಮೊದಲು ಕೊಡುವುದು ಉಚಿತ.

ಅಂಕಿ ಬರುವವರೆಗೆ ಕಾಯಲಾಗದ ಸೂಚನೆಗಳೂ ಇವೆ. ಬಾಯಲ್ಲಿ ಹುಣ್ಣು, ಬಿಡದ ಜ್ವರ, ಕಾರಣವಿಲ್ಲದೆ ಚರ್ಮದಡಿ ರಕ್ತಸ್ರಾವ, ಒಣಕೆಮ್ಮಿನೊಡನೆ ಏದುಸಿರು ಕಂಡರೆ ಅಂದೇ ವೈದ್ಯರನ್ನು ಕಾಣಬೇಕು.

ಒಂದು ವರ್ಷದ ವರದಿಗಳು

ಇಷ್ಟನ್ನೂ ಒಟ್ಟಿಗೆ ನೋಡಲು, ಐವತ್ತೆರಡು ವರ್ಷದ ಒಬ್ಬ ತಾಯಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಅವರ ವಯಸ್ಸಿಗೆ ಇ.ಎಸ್.ಆರ್. ಮಿತಿ 31. ಜನವರಿಯಲ್ಲಿ ಅವರ ಇ.ಎಸ್.ಆರ್. 78, ಸಿ.ಆರ್.ಪಿ. ಲೀಟರಿಗೆ 46 ಮಿಲಿಗ್ರಾಂ, ಹಿಮೋಗ್ಲೋಬಿನ್ 9.6, ಆರ್.ಎಫ್. 128. ಚಿಕಿತ್ಸೆ ಆರಂಭವಾಯಿತು. ಏಪ್ರಿಲ್‌ನಲ್ಲಿ ಇ.ಎಸ್.ಆರ್. 52, ಸಿ.ಆರ್.ಪಿ. 18. ಜುಲೈನಲ್ಲಿ ಇ.ಎಸ್.ಆರ್. 34, ಸಿ.ಆರ್.ಪಿ. 5, ಹಿಮೋಗ್ಲೋಬಿನ್ 11.3. ಬೆಂಕಿ ಆರುತ್ತ ಬಂದಿದೆ. ರಕ್ತವೂ ತಾನಾಗಿ ಚೇತರಿಸಿದೆ. ಮಗ ತನ್ನ ಸಮಾಧಾನಕ್ಕೆಂದು ಮತ್ತೆ ಆರ್.ಎಫ್. ಮಾಡಿಸಿದರೆ ಅದು 122. ‘ರೋಗ ಇಳಿದೇ ಇಲ್ಲ’ ಎಂದು ಮನೆಯೆಲ್ಲ ಮಂಕಾಗುತ್ತದೆ. ಗುರುತಿನ ಪರೀಕ್ಷೆಯಿಂದ ಅಳತೆಯ ಉತ್ತರ ಕೇಳಿದ ಫಲವಿದು.

ಸೆಪ್ಟೆಂಬರಿನಲ್ಲಿ ಸಿ.ಆರ್.ಪಿ. ಒಮ್ಮೆಲೇ 62. ಸಂಧಿವಾತ ಉಲ್ಬಣಿಸಿತೆ? ಕೈ ನೋಡಿದರೆ ಕೀಲುಗಳಲ್ಲಿ ಊತವಿಲ್ಲ. ವಿಚಾರಿಸಿದರೆ ಮೂರು ದಿನದಿಂದ ಚಳಿಜ್ವರ, ಉರಿಮೂತ್ರ. ಹೊಗೆ ಬೇರೆ ಬೆಂಕಿಯದು. ಸಂಧಿವಾತದ ಔಷಧ ಹೆಚ್ಚಿಸುವ ಸಮಯ ಇದಲ್ಲ. ಸೋಂಕು ಮುಗಿಯುವವರೆಗೆ ಅದನ್ನು ತಡೆಹಿಡಿಯಲು ವೈದ್ಯರು ಹೇಳಲೂಬಹುದು. ಇಂಥ ಹೊತ್ತಿನಲ್ಲಿ ಔಷಧದಂಗಡಿಯಿಂದ ತಾವೇ ಮಾತ್ರೆ ತರುವುದು ಅಪಾಯ. ಮೂತ್ರದ ಸೋಂಕಿಗೆ ಕೊಡುವ ಕೋ-ಟ್ರೈಮಾಕ್ಸಜೋಲ್ ಎಂಬ ಔಷಧ ಮೆಥೊಟ್ರೆಕ್ಸೇಟಿನೊಡನೆ ಸೇರಿದರೆ ಅಸ್ಥಿಮಜ್ಜೆಯನ್ನೇ ಕುಗ್ಗಿಸಬಲ್ಲದು.

ಡಿಸೆಂಬರಿನಲ್ಲಿ ಇ.ಎಸ್.ಆರ್. 30, ಸಿ.ಆರ್.ಪಿ. 4. ಹಾಳೆಯಲ್ಲಿ ದಪ್ಪಕ್ಷರವೇ ಇಲ್ಲ. ಆದರೆ ಬಲಗೈಯ ಮೂರು ಗಿಣ್ಣುಗಳು ಊದಿವೆ, ನಸುಕಿನ ಬಿಗಿತ ಮರಳಿದೆ. ಇದು ಹೊಗೆಯಿಲ್ಲದ ಕೆಂಡ. ಇಲ್ಲಿ ನಂಬತಕ್ಕದ್ದು ಕೀಲನ್ನು. ರಕ್ತದ ಅಂಕಿಯನ್ನೇ ಸೇರಿಸದೆ, ಊದಿದ ಮತ್ತು ನೋಯುವ ಕೀಲುಗಳನ್ನೂ ರೋಗಿ ಮತ್ತು ವೈದ್ಯರ ಅಂದಾಜನ್ನೂ ಕೂಡಿಸಿ ರೋಗವನ್ನು ಅಳೆಯುವ ಕ್ರಮವೂ ತಜ್ಞರಲ್ಲಿ ಬಳಕೆಯಲ್ಲಿದೆ.

ಮನೆಯವರ ಕರ್ತವ್ಯ

ಎಲ್ಲ ವರದಿಗಳನ್ನೂ ತಾರೀಖಿನ ಕ್ರಮದಲ್ಲಿ ಒಂದು ಕಡತದಲ್ಲಿಡಿ. ಒಂದು ನೋಟುಪುಸ್ತಕದಲ್ಲಿ ತಾರೀಖು, ಅಂಕಿ, ಅಂದಿನ ಬಿಗಿತ ಎಷ್ಟು ಹೊತ್ತು, ಊದಿದ ಕೀಲುಗಳು ಎಷ್ಟು, ಜ್ವರ ನೆಗಡಿ ಇತ್ತೆ ಎಂಬುದನ್ನು ಬರೆದಿಡಿ. ಒಂದು ದಿನದ ಅಂಕಿಗಿಂತ ಆರು ತಿಂಗಳ ಏರಿಳಿತ ವೈದ್ಯರಿಗೆ ಹೆಚ್ಚು ತಿಳಿಸುತ್ತದೆ. ನೋವಿನ ಮಾತ್ರೆ, ಕಷಾಯ, ಊರಿನವರು ಕೊಟ್ಟ ಪುಡಿ, ಯಾವುದನ್ನೂ ಮುಚ್ಚಿಡಬೇಡಿ. ಹೆಸರಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಪತ್ತೆಯಾಗಿದೆ. ಅದು ಸಿ.ಆರ್.ಪಿ.ಯನ್ನು ಇಳಿಸಿ ಗುಣವಾದ ಭ್ರಮೆ ಹುಟ್ಟಿಸುತ್ತದೆ. ಒಳಗೊಳಗೇ ಸಕ್ಕರೆಯ ಅಂಶವನ್ನು ಏರಿಸಿ ಮೂಳೆಯನ್ನು ಸಡಿಲಿಸುತ್ತದೆ.

ತಾಯಿಗೆ ಈ ರೋಗವಿದೆಯೆಂದು ನೋವಿಲ್ಲದ ಮಗಳಿಗೂ ಆರ್.ಎಫ್. ಮಾಡಿಸಿ, ಬಂದ ಅಂಕಿಯನ್ನು ಮದುವೆಯ ಮಾತುಕತೆಗೆ ಎಳೆದು ತರುವವರಿದ್ದಾರೆ. ಇದು ಅಂಟುರೋಗವಲ್ಲ. ವಂಶದ ಒಲವು ಸ್ವಲ್ಪಮಟ್ಟಿಗೆ ಇದ್ದರೂ ರೋಗಿಗಳ ಮಕ್ಕಳಲ್ಲಿ ಬಹುಪಾಲು ಮಂದಿಗೆ ಇದು ಬರುವುದೇ ಇಲ್ಲ. ಲಕ್ಷಣವಿಲ್ಲದವರಿಗೆ ಪರೀಕ್ಷೆ ಮಾಡಿಸಿ ಚಿಂತೆಯನ್ನು ಕೊಂಡು ತರುವುದು ಬೇಡ.

ಅಂಕಿ ಇಳಿದಾಗ ಹಿಗ್ಗೋಣ. ಆದರೆ ಅದು ಇಳಿದದ್ದು ಔಷಧದ ಬಲದಿಂದ ಎಂಬುದನ್ನು ಮರೆಯದಿರೋಣ. ಪ್ರಮಾಣವನ್ನು ತಗ್ಗಿಸುವ ಕಾಲ ಬಂದರೆ ವೈದ್ಯರೇ ಮೆಲ್ಲಮೆಲ್ಲನೆ ತಗ್ಗಿಸುತ್ತಾರೆ. ಮುಂದಿನ ಸಲ ವರದಿ ಕೈಗೆ ಬಂದಾಗ ದಪ್ಪಕ್ಷರವನ್ನು ಹುಡುಕುವ ಮೊದಲು, ಮನೆಯ ಆ ತಾಯಿಯನ್ನೋ ತಂಗಿಯನ್ನೋ ಹತ್ತಿರ ಕೂರಿಸಿಕೊಂಡು ‘ಇಂದು ಬೆಳಗ್ಗೆ ಕೈ ಹೇಗಿತ್ತು?’ ಎಂದು ಕೇಳಿರಿ. ಆ ಉತ್ತರವನ್ನೂ ಹಾಳೆಯನ್ನೂ ಜೊತೆಯಾಗಿ ಒಯ್ದು ವೈದ್ಯರ ಮುಂದಿಡಿರಿ.